ಕಬ್ಬಿನ ಹಾಲಿಗೆ ಹೋದ ಜೇನುಗಳು

ನಾನು ಏನು ಓದುತ್ತಿದ್ದೇನೆ ಎಂದು ಶಹಾಬಾದಿನ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ ಅವ್ವ ಮೊದಮೊದಲು "ಕೃಷಿ ವಿಜ್ಞಾನ" ಎನ್ನುತ್ತಿದ್ದಳು. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಎದುರು ಮನೆಯಾಕೆ ಮಾತ್ರ ಅಷ್ಟಕ್ಕೆ ಬಿಡುವವಳಲ್ಲ. "ಅಂದ್ರ ಖರೆ ಏನ್ ಮಾಡ್ತಾಳ್ರಿ ದಿನಾ ಹೋಗಿ?" ಎಂದು ಒಂದು ದಿನ ಹಿಡಿದು ನಿಲ್ಲಿಸಿದಳು. ಅವ್ವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಹೊಲದಾಗ ಕುಂತು ಹುಳಾ ಎಣಸ್ತಾಳ್ರಿ" ಎಂದುಬಿಟ್ಟಳು. ಅಂದಿನಿಂದ ಓಣಿಯಲ್ಲಿ ನಾನು ಹುಳಾ ಎಣಿಸುವ ಹುಡುಗಿ. ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಜೀವನ ಸವೆಸಿದ ಅಪ್ಪ ಮಾತ್ರ ನನ್ನ ಪರ ನಿಂತ. "ಕಲ್ಲು ಎಣಸೋದಕ್ಕಿಂತ ಹಗುರ ಅದ ಬಿಡು. ಹುಳಾ ಕಾಲ ಮ್ಯಾಲ ಬಿದ್ರ ಬೆರಳು ಮುರಿಯಂಗಿಲ್ಲ."

ಅವ್ವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೂರ್ಯಕಾಂತಿ ಹೂವಿಗೆ ಜೇನುಹುಳ ಎಷ್ಟು ಹೊತ್ತಿಗೆ ಬರುತ್ತದೆ, ಬಂದು ಎಷ್ಟು ಹೊತ್ತು ಕೂರುತ್ತದೆ, ಅದು ಬಂದು ಹೋದ ಹೂವಿನಲ್ಲಿ ಕಾಳು ಹೇಗೆ ಕಟ್ಟುತ್ತದೆ, ಬಾರದ ಹೂವಿನಲ್ಲಿ ಎಷ್ಟು ಜೊಳ್ಳಾಗುತ್ತದೆ ಎಂದು ನೋಡುವುದು ನನ್ನ ಅಧ್ಯಯನ. ನೋಡುವುದು ಎಂದರೆ ಎಣಿಸುವುದು. ಮುಂಜಾನೆಯಿಂದ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಎದುರಿನ ಹೂವಿಗೆ ಹುಳ ಬಂದರೆ ಗೆರೆ ಎಳೆಯುವುದು, ಹೋದರೆ ಗಡಿಯಾರ ನೋಡಿ ಬರೆಯುವುದು.

ಒಂದು ವಿಷಯವನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ, ನನಗೆ ಮಾರ್ಗದರ್ಶನ ಮಾಡುತ್ತಿದ್ದ ಸರ್‌ಗೂ ಹೇಳಿರಲಿಲ್ಲ. ನನಗೆ ಜೇನುಹುಳ ಕಂಡರೆ ಅಂಜಿಕೆ. ವಿಷಯ ಹಂಚುವ ದಿನ ನಾನು ಕಾಲೇಜಿಗೆ ತಡವಾಗಿ ಹೋಗಿದ್ದೆ. ಉಳಿದದ್ದು ಎರಡೇ ವಿಷಯ, ಹೊಲದ ಇಲಿ ಮತ್ತು ಜೇನು. ಇಲಿ ಎಂದರೆ ಅಂಜಿಕೆಯ ಜೊತೆ ಅಸಹ್ಯವೂ ಇತ್ತು. ಜೇನು ಎಂದೆ. "ಒಳ್ಳೇ ಆಯ್ಕೆ. ಧೈರ್ಯ ಬೇಕು ಇದಕ್ಕೆ" ಎಂದು ಸರ್ ಮೆಚ್ಚಿಕೊಂಡರು. ನಾನು ಧೈರ್ಯವಂತೆಯ ಹಾಗೆ ನಕ್ಕೆ.

ಹೊಲ ಹುಡುಕುವುದೇ ಮೊದಲ ತಾಪತ್ರಯವಾಯಿತು. ನಮ್ಮ ಸೀಮೆಯೆಲ್ಲ ತೊಗರಿ. ಗುಂಡಗುರ್ತಿಯ ಒಬ್ಬ ರೈತ ನನ್ನನ್ನು ಕೂರಿಸಿ, ನೀರು ಕೊಟ್ಟು, ನಾನು ಸೂರ್ಯಕಾಂತಿ ಎಂದ ಕೂಡಲೇ ಎದ್ದು ನಿಂತ. "ಮೇಡಂ, ನಮ್ಮ ಕಡಿ ತೊಗರಿ ಬಿಟ್ಟು ಬ್ಯಾರೆ ಮಾತಾಡಬ್ಯಾಡ್ರಿ" ಎಂದ. ಕಡೆಗೆ ಹೊಲ ಸಿಕ್ಕಿದ್ದು ಕುರಕುಂಟಾದ ಹತ್ತಿರ. ಬೋರಿನ ನೀರು ಇದ್ದದ್ದರಿಂದ ಅಲ್ಲೊಬ್ಬಳು ಚಳಿಗಾಲದಲ್ಲಿ ಸೂರ್ಯಕಾಂತಿ ಬಿತ್ತಿದ್ದಳು. ನೀರು ಒಮ್ಮೆಗೇ ಸಾಲದೆಂದು ಅರ್ಧ ಹೊಲ ಮೊದಲು, ಉಳಿದರ್ಧ ಹದಿನೈದು ದಿನ ಬಿಟ್ಟು. ವಯಸ್ಸು ಐವತ್ತು ದಾಟಿತ್ತು. ಗಂಡ ಸೇಡಂನಲ್ಲಿ ಆಟೋ ಓಡಿಸುತ್ತಿದ್ದ. ಹೊಲದ ಕೆಸರು ಅವನ ಚಪ್ಪಲಿಗೆ ಆಗಿಬರುತ್ತಿರಲಿಲ್ಲ. ಊರವರೆಲ್ಲ ಅವಳನ್ನು ಕಾಕಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಕಾಕಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಸರಕಾರ ಇದಕ್ಕ ಪಗಾರ ಕೊಡ್ತದೇನು?"

"ಓದೋದು ಕಾಕಿ. ಆಮೇಲೆ ನೌಕರಿ ಸಿಗಬಹುದು."

"ಯಾವ ನೌಕರಿ? ಇನ್ನೂ ದೊಡ್ಡ ಹುಳಾ ಎಣಸೋದು?"

ಆದರೂ ಒಪ್ಪಿದಳು. ಒಪ್ಪಲು ಕಾರಣ ಅವಳ ಸಿಟ್ಟು. ಎರಡು ವರ್ಷದಿಂದ ಅವಳ ಸೂರ್ಯಪಾನ — ಅಲ್ಲಿ ಸೂರ್ಯಕಾಂತಿಗೆ ಹಾಗೇ ಅನ್ನುತ್ತಾರೆ — ಹೊರಗೆ ನೋಡಲು ತಾಟಿನಷ್ಟು ಅಗಲ, ನಡುವೆ ಮಾತ್ರ ಬರೀ ಜೊಳ್ಳು. ಸೇಡಂನ ಬೀಜದ ಅಂಗಡಿಯವನು ಹಳೇ ಬೀಜ ಕೊಟ್ಟು ಮೋಸ ಮಾಡುತ್ತಾನೆ ಎಂಬುದು ಅವಳ ಗಟ್ಟಿ ನಂಬಿಕೆ. ಸಿಕ್ಕವರ ಮುಂದೆಲ್ಲ ಅವನನ್ನು ಬೈಯುತ್ತಿದ್ದಳು. ನಾನು ಓದಿದವಳು, ಬರೆದು ಸಾಬೀತು ಮಾಡಿದರೆ ಅವನ ಮುಖದ ಮೇಲೆ ಕಾಗದ ಒಗೆಯಬಹುದು ಎಂದು ಅವಳ ಲೆಕ್ಕ. ಅವಳದು ಮೂರು ಷರತ್ತು. ಹೂ ಕೀಳಬಾರದು, ಬೆಳೆ ಚೆನ್ನಾಗಿಲ್ಲ ಎಂದು ಹೊಲದಲ್ಲಿ ನಿಂತು ಬಾಯಿಬಿಟ್ಟು ಹೇಳಬಾರದು, ಚಹಾ ಕೊಟ್ಟರೆ ಬೇಡ ಎನ್ನಬಾರದು.

ಮೊಗ್ಗಿದ್ದಾಗಲೇ ಕೆಲವು ಗಿಡಗಳ ತಲೆಗೆ ಬಿಳಿ ಜಾಲರಿ ಚೀಲ ಕಟ್ಟಿದೆ. ಹುಳ ಹೋಗದ ಹೂವಿನಲ್ಲಿ ಏನಾಗುತ್ತದೆ ಎಂದು ನೋಡಬೇಕಿತ್ತಲ್ಲ. ಕಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಸೊಳ್ಳಿ ಪರದೆ ಕಟ್ಟಿದ್ಯಲ್ಲವ್ವ. ಜೋಗುಳಾನೂ ಹಾಡ್ತಿ ಏನು?"

ಹೂ ಬಿಡುವ ಹೊತ್ತಿಗೆ ಚಿಂಚೋಳಿಯಿಂದ ಜೇನುಪೆಟ್ಟಿಗೆಗಳು ಬಂದವು. ತಂದವನು ಆ ಕಡೆಯ ಜೇನು ಸಾಕುವವನು, ನಲವತ್ತರ ಆಸುಪಾಸಿನ ಮನುಷ್ಯ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಮನುಷ್ಯರ ಜೊತೆ ಮಾತು ಕಡಿಮೆ, ಹುಳಗಳ ಜೊತೆ ಬಹಳ. ಅದೂ ಅರ್ಧ ಕನ್ನಡ, ಅರ್ಧ ತೆಲುಗು. ಇನ್ನೂ ಸೂರ್ಯ ಹುಟ್ಟಿರಲಿಲ್ಲ, ಅದಕ್ಕೆಂದೇ ನಾನು ರಾತ್ರಿ ಕಾಕಿಯ ಮನೆಯಲ್ಲಿ ಉಳಿದಿದ್ದೆ. ಬದುವಿನ ಮೇಲೆ ನಾಲ್ಕು ಪೆಟ್ಟಿಗೆ ಇಳಿಸಿ, ಬಾಗಿಲು ತೆರೆದು, "ರಾ ರಾ, ಮೆಲ್ಲಗಾ, ಮೆಲ್ಲಗಾ" ಎಂದು ಮಕ್ಕಳನ್ನು ಬಸ್ಸಿನಿಂದ ಇಳಿಸುವ ಹಾಗೆ ಕರೆದ. ನಾನು ಮೂವತ್ತು ಹೆಜ್ಜೆ ದೂರ ಬೇವಿನ ಮರದ ಹಿಂದೆ ನಿಂತಿದ್ದೆ.

"ಮೇಡಂ, ಅಲ್ಲಿಂದ ಹೆಂಗ ಕಾಣ್ತದ? ಸಮೀಪ ಬರ್ರಿ" ಎಂದ.

"ಇಲ್ಲಿಂದಲೇ ಒಟ್ಟಾರೆ ನೋಟ ಸಿಗ್ತದೆ" ಎಂದೆ ನಾನು.

ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಅವನಿಗೆ ಗೊತ್ತಾಗಿಹೋಯಿತು. "ಅಂಜಬ್ಯಾಡ್ರಿ. ಅವಕ್ಕ ನಿಮ್ಮ ಕಡಿ ಗ್ಯಾನನೇ ಇಲ್ಲ. ನೀವು ಹೂ ಏನಲ್ಲಲ್ಲ" ಎಂದು ಬೀಡಿ ಹಚ್ಚಿದ. ಇಷ್ಟು ಕಡಿಮೆ ಮಾತಿನಲ್ಲಿ ನನ್ನ ಮರ್ಯಾದೆ ಯಾರೂ ಕಳೆದಿರಲಿಲ್ಲ.

ಮೊದಲನೇ ದಿನವೇ ಒಂದು ಹುಳಕ್ಕೆ ನನ್ನ ಕಡೆ ಗ್ಯಾನ ಬಂತು. ಎಡಗಣ್ಣಿನ ಮೇಲ್ರೆಪ್ಪೆಗೆ ಕಚ್ಚಿತು. ಸಂಜೆ ಪ್ಯಾಸೆಂಜರ್ ರೈಲಿನಲ್ಲಿ ವಾಡಿಗೆ ಬಂದಿಳಿಯುವಷ್ಟರಲ್ಲಿ ಆ ಕಣ್ಣು ಪೂರ್ತಿ ಮುಚ್ಚಿತ್ತು. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮುಂದಿನ ಗಾಡಿಗೆ ಕಾಯುವವರಿಗೆ ಬೇರೆ ಕೆಲಸ ಇರುವುದಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಮನೆಮದ್ದು ಶುರು ಮಾಡಿದರು. ಒಬ್ಬಳು ಬೀಗದ ಕೈ ತೆಗೆದು ಉಜ್ಜಿದಳು. ಅದು ತಪ್ಪು, ಸುಣ್ಣ ಹಚ್ಚಬೇಕು ಎಂದು ಎಲೆ ಅಡಿಕೆ ಹಾಕುವ ಮುದುಕ ತನ್ನ ಡಬ್ಬಿಯನ್ನೇ ತೆರೆದ. ಭಜಿ ಮಾರುವವನು ಉಳ್ಳಾಗಡ್ಡಿ ಕೊಯ್ದು ತಂದ. ಬುರ್ಖಾ ತೊಟ್ಟ ಹೆಣ್ಣುಮಗಳೊಬ್ಬಳು ಚೀಲದಿಂದ ಟೂತ್‌ಪೇಸ್ಟ್ ತೆಗೆದು, "ಠಂಡಾ ಆಗ್ತದ ನೋಡ್ರಿ" ಎಂದು ಅದರ ಮೇಲೆ ಬಳಿದಳು. ಶಹಾಬಾದ್ ತಲುಪಿದಾಗ ನನ್ನ ಕಣ್ಣಿನ ಬಾವು ಇಳಿದಿರಲಿಲ್ಲ, ಆದರೆ ನನ್ನಿಂದ ಭಜಿ ಅಂಗಡಿಯ ವಾಸನೆ ಬರುತ್ತಿತ್ತು. ಬಾಗಿಲು ತೆರೆದ ಅವ್ವ ಒಂದು ಗಳಿಗೆ ನೋಡಿ, "ಇವತ್ತ ಅವೇ ನಿನ್ನ ಎಣಸ್ಯಾವೇನು?" ಎಂದಳು.

ವಿಚಿತ್ರ ಎಂದರೆ, ಆ ಕಡಿತದಿಂದ ನನ್ನ ಅಂಜಿಕೆ ಅರ್ಧಕ್ಕರ್ಧ ಇಳಿಯಿತು. ಇಷ್ಟು ದಿನ ಅಂಜಿದ್ದು ಇದಕ್ಕೇ ಏನು ಎನಿಸಿತು. ಮರುದಿನ ಒಂದೇ ಕಣ್ಣಿನಲ್ಲಿ ಹೋಗಿ ಸ್ಟೂಲಿನ ಮೇಲೆ ಕೂತೆ.

ಪೆಟ್ಟಿಗೆಯ ಹುಳ ಯಾವುದು, ಹೊರಗಿನ ಹುಳ ಯಾವುದು ಎಂದು ತಿಳಿಯಲು ಗುರುತು ಬೇಕಿತ್ತು. ಪೆಟ್ಟಿಗೆಯ ಬಾಗಿಲಲ್ಲಿ ಹುಳವನ್ನು ಸಣ್ಣ ನಳಿಗೆಯಲ್ಲಿ ಹಿಡಿದು, ಬೆನ್ನ ಮೇಲೆ ಒಂದು ಚುಕ್ಕೆ ಬಣ್ಣ ಇಟ್ಟು ಬಿಡಬೇಕು. ಕಾಲೇಜಿನಿಂದ ಬರಬೇಕಾದ ಬಣ್ಣದ ಪೆನ್ನು ಬರಲಿಲ್ಲ. ಸೇಡಂನ ಬಳೆ ಅಂಗಡಿಯಲ್ಲಿ ಉಗುರಿನ ಬಣ್ಣ ಕೊಂಡೆ. ಹಳದಿ ಹೂವಿನ ಮೇಲೆ ಎದ್ದು ಕಾಣಲೆಂದು ಕಡು ಗುಲಾಬಿ. ಎರಡು ದಿನ ಬದುವಿನ ಮೇಲೆ ಕೂತು ಹುಳಗಳಿಗೆ ಚುಕ್ಕೆ ಇಟ್ಟೆ. ನನ್ನ ಕೈಬೆರಳೆಲ್ಲ ಗುಲಾಬಿಯಾಯಿತು. ಕಾಕಿ ಬುಟ್ಟಿ ಇಳಿಸಿ ಪಕ್ಕದಲ್ಲೇ ಕೂತು ನೋಡಿದಳು.

"ನನ್ನ ಮಗಳ ಲಗ್ನದಾಗ ಮೆಹಂದಿ ಹಚ್ಚಾಕಿನೂ ಇಷ್ಟು ನಾಜೂಕ ಹಚ್ಚಿದ್ದಿಲ್ಲ ನೋಡು. ಇವೆಲ್ಲ ಹೆಣ್ಣೇ ಏನು?"

"ಹೌದು ಕಾಕಿ. ಹೊರಗೆ ಹೋಗಿ ದುಡಿಯೋವೆಲ್ಲ ಹೆಣ್ಣೇ. ಗಂಡು ಹುಳ ಪೆಟ್ಟಿಗೆಯೊಳಗೆ ಕೂತು ತಿಂತಾವೆ."

ಕಾಕಿ ಬಹಳ ಹೊತ್ತು ನಕ್ಕಳು. ಆಮೇಲೆ ಫೋನ್ ತೆಗೆದು ಸೇಡಂನಲ್ಲಿದ್ದ ಗಂಡನಿಗೆ ಇದನ್ನು ಹೇಳಿದಳು. ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಲಿಲ್ಲ.

ಮೂರು ದಿನ ನನ್ನ ಅಧ್ಯಯನ ಹೂವಿನಂತೆಯೇ ಅರಳಿತು. ಗುಲಾಬಿ ಚುಕ್ಕೆಯ ಹುಳಗಳು ಬಿಸಿಲು ಏರುತ್ತಿದ್ದಂತೆ ಬಂದು, ಹೂವಿನ ತಟ್ಟೆಯ ಮೇಲೆ ಸುತ್ತು ಹಾಕಿ, ಕಾಲಿಗೆ ಹಳದಿ ಪುಡಿ ಅಂಟಿಸಿಕೊಂಡು ಹೋಗುತ್ತಿದ್ದವು. ನನ್ನ ಹಾಳೆಗಳ ತುಂಬ ಗೆರೆ. ಸರ್‌ಗೆ ಫೋಟೋ ಕಳಿಸಿದೆ, ಹೆಬ್ಬೆರಳು ಎತ್ತಿದ ಚಿತ್ರ ಬಂತು.

ನಾಲ್ಕನೇ ದಿನ ವಾಡಿಯಲ್ಲಿ ಗಾಡಿ ತಡವಾಯಿತು. ನಾನು ಹೊಲ ಮುಟ್ಟುವಾಗ ಹನ್ನೊಂದು ಗಂಟೆ ಮೀರಿತ್ತು. ಸ್ಟೂಲು ಹಾಕಿ ಕೂತೆ. ಹುಳ ಇಲ್ಲ. ಬೇವಿನ ಮರದಲ್ಲಿದ್ದ ಕೋಲುಜೇನಿನ ಒಂದೆರಡು ಸಣ್ಣ ಹುಳ ಬಿಟ್ಟರೆ ಹೂವೆಲ್ಲ ಖಾಲಿ. ಐದನೇ ದಿನವೂ ಹಾಗೇ. ಆರನೇ ದಿನವೂ ಹಾಗೇ. ಗೆರೆ ಎಳೆಯುವಲ್ಲಿ ಸೊನ್ನೆ ಬರೆದು ಬರೆದು ನನಗೇ ನಾಚಿಕೆಯಾಯಿತು.

"ನಿನ್ನ ನೌಕರರು ರಜಾ ಹಾಕ್ಯಾರೇನು?" ಎಂದಳು ಕಾಕಿ. ಎಂದಿನ ಹಾಗೆ ನಗಲಿಲ್ಲ. ನಾನು ಆಗ ಅದನ್ನು ಗಮನಿಸಲಿಲ್ಲ.

ಸರ್‌ಗೆ ಫೋನ್ ಮಾಡಿದೆ. "ಸೊನ್ನೆಯೂ ಮಾಹಿತಿಯೇ. ಬರೀರಿ" ಎಂದರು. ಅವರು ಫ್ಯಾನಿನ ಕೆಳಗೆ ಕೂತು ಹೇಳಿದ ಮಾತು ಅದು. ಬಿಸಿಲಲ್ಲಿ ಕೂತವರಿಗೆ ಸೊನ್ನೆ ಸೊನ್ನೆಯೇ.

ಆರನೇ ದಿನ ಮಧ್ಯಾಹ್ನ ಬೇಸರದಿಂದ ಎದ್ದು ರಸ್ತೆಗೆ ನಡೆದೆ. ಕುರಕುಂಟಾದ ಕ್ರಾಸಿನ ಹತ್ತಿರ ಕಬ್ಬಿನ ಹಾಲಿನ ಗಾಡಿ ಇತ್ತು. ಬಿಸಿಲು ಏರತೊಡಗಿದ್ದರಿಂದ ಆ ವಾರವೇ ಹೊಸದಾಗಿ ಇಟ್ಟಿದ್ದ. ನಡೆಸುವವನು ಗಡ್ಡ ಬೆಳ್ಳಗಾದ ಒಬ್ಬ ಚಾಚಾ. ಅವನ ತಾತ ಮುತ್ತಾತಂದಿರೆಲ್ಲ ಸೇಡಂನವರೇ. ತಾನು ಮಾತ್ರ ಕಬ್ಬಿನ ಹಿಂದೆ ಕುರಕುಂಟಾಕ್ಕೆ ಬಂದೆ ಎಂದು ಆಮೇಲೆ ಹೇಳಿದ. ನಾನು ಹೋದಾಗ ಅವನು ಟವೆಲ್ ತಿರುಗಿಸುತ್ತ ಗಾಡಿಯ ಸುತ್ತ ಓಡಾಡುತ್ತಿದ್ದ. ಹಿಂದೆ ಹಿಂಡಿದ ಕಬ್ಬಿನ ಸಿಪ್ಪೆಯ ಗುಡ್ಡೆ. ಅದರ ಮೇಲೆ ಝೇಂಕಾರ. ಒಂದು ಹುಳ ಹಾರಿ ಬಂದು ಗಾಜಿನ ಲೋಟದ ಅಂಚಿಗೆ ಕೂತಿತು. ಬೆನ್ನ ಮೇಲೆ ಗುಲಾಬಿ ಚುಕ್ಕೆ.

"ನೋಡ್ ಬೇಟಿ, ನೋಡ್ ಇವಕ್ಕ" ಎಂದ ಚಾಚಾ. "ಮೂರ್ ದಿನಾ ಆತು. ಗುಲಾಬಿ ಟೋಪಿ ಹಾಕ್ಕೊಂಡ್ ಬರ್ಲಿಕತ್ತಾವ. ಯಾವ ಊರಿನ ಜೇನೋ ಏನೋ, ನಾ ಎಂದೂ ನೋಡಿಲ್ಲ. ಗಿರಾಕಿ ಗಾಡಿ ನಿಲ್ಲಿಸ್ತಾರ, ಇವಕ್ಕ ನೋಡ್ತಾರ, ಹಂಗೇ ಹೋಗ್ತಾರ."

ನಾನು ಏನೂ ಗೊತ್ತಿಲ್ಲದವಳ ಹಾಗೆ "ಅಯ್ಯೋ ಪಾಪ. ಒಂದು ಲೋಟ ಕೊಡ್ರಿ ಚಾಚಾ" ಎಂದೆ. ಆ ಹೊತ್ತಿಗೆ ನನಗೆ ತೋಚಿದ ಜಾಣತನ ಅಷ್ಟೇ. ಚಾಚಾ ಲೋಟ ತುಂಬಿ ಕೊಟ್ಟ. ನಾನು ಕೈ ಚಾಚಿದೆ. ಅವನು ಲೋಟ ಬಿಡಲಿಲ್ಲ. ನನ್ನ ಬೆರಳುಗಳನ್ನು ನೋಡಿದ. ಲೋಟದ ಅಂಚಿನ ಹುಳವನ್ನು ನೋಡಿದ. ಮತ್ತೆ ನನ್ನ ಬೆರಳು ನೋಡಿದ.

"ಇವು ನಿಂದೇ ಏನು?"

ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ. ಹೊಲ, ಪೆಟ್ಟಿಗೆ, ಅಧ್ಯಯನ ಎಲ್ಲವನ್ನೂ ಹೇಳಿದೆ. ಚಾಚಾ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಸ್ಟೂಲು ಸರಿಸಿ, "ಕುಂದ್ರು. ಮೊದಲು ಕುಡಿ" ಎಂದ. ಕುಡಿಯುವಾಗ ಎದುರು ಕೂತು ಗಂಭೀರವಾಗಿ ಕೇಳಿದ. "ಓದಿದ ಜೇನಾ ಇವು? ಹಂಗಾದ್ರ ಹೂವಾ ಬಿಟ್ಟು ನನ್ನ ಗಾಡಿಗಿ ಯಾಕ ಬಂದವು? ಹೂವಿನಾಗ ಏನೋ ಖರಾಬ್ ಆಗ್ಯಾದ. ಅದು ನೋಡು ಮೊದಲು."

ಆರು ದಿನದಿಂದ ಹಾಳೆ ಹಿಡಿದು ಕೂತ ನನಗೆ ಹೊಳೆಯದ ಪ್ರಶ್ನೆ ಅದು. ನಾನು ಹುಳ ಬರಲಿಲ್ಲ ಎಂದು ಬರೆದಿದ್ದೆನೇ ಹೊರತು, ಯಾಕೆ ಬರಲಿಲ್ಲ ಎಂದು ಎದ್ದು ನೋಡಿರಲಿಲ್ಲ.

ಚಿಂಚೋಳಿಯ ಅಣ್ಣನಿಗೆ ಫೋನ್ ಮಾಡಿದೆ. ಅವನು ಮರುದಿನ ಬೆಳಿಗ್ಗೆಯೇ ಬಂದ. ಹೂವಿನ ಹತ್ತಿರ ಹೋಗಲೇ ಇಲ್ಲ. ಸೀದಾ ಪೆಟ್ಟಿಗೆಗಳ ಮುಂದೆ ಮೊಣಕಾಲೂರಿ ಕೂತ. ಬಾಗಿಲ ಕೆಳಗಿನ ಹುಲ್ಲಿನಲ್ಲಿ ಸತ್ತ ಹುಳಗಳಿದ್ದವು. ಒಂದೆರಡಲ್ಲ, ಬೊಗಸೆ ತುಂಬುವಷ್ಟು. ಅವನ್ನು ಅಂಗೈಗೆ ಎತ್ತಿಕೊಂಡ. ಕೆಲವಕ್ಕೆ ಗುಲಾಬಿ ಚುಕ್ಕೆಯಿತ್ತು. ಆಮೇಲೆ ಪೆಟ್ಟಿಗೆ ತೆರೆದು ಒಂದು ಎರಿಯ ಚೌಕಟ್ಟು ಎತ್ತಿ ಮೂಸಿದ. "ಬರೀ ಕಬ್ಬಿನ ವಾಸನಿ" ಎಂದ. ತಿರುಗಿ ಕಾಕಿಯನ್ನು ಕೇಳಿದ. "ಅಮ್ಮಾ, ಎಣ್ಣಿ ಹೊಡದೀರೇನು?"

ನಮ್ಮಲ್ಲಿ ಬೆಳೆಗೆ ಎಣ್ಣಿ ಹೊಡೆಯುವುದೆಂದರೆ ಕೀಟನಾಶಕ ಸಿಂಪಡಿಸುವುದು. ಕಾಕಿ ಬಗ್ಗಿ ಹುಲ್ಲಿನಿಂದ ಒಂದು ಹುಳ ಎತ್ತಿ ನೋಡಿದಳು. 

"ಮೂರ್ ದಿನದ ಹಿಂದ" ಎಂದಳು. "ಎಲಿ ತಿನ್ನೋ ಹುಳಾ ಬಿದ್ದಿತ್ತು. ನೀ ಇನ್ನೂ ಬಂದಿದ್ದಿಲ್ಲ. ಮುಂಜಾನಿ ಒಂಬತ್ತಕ್ಕ ಹೊಡದೆ. ನಿನಗ ಹೇಳಿದ್ರ ಬೈತಿ ಅಂತ ಸುಮ್ನಿದ್ದೆ."

ನಾನು ಬೈದೆ. ಅವತ್ತಿನವರೆಗೆ ಅವಳ ಮುಂದೆ ದನಿ ಎತ್ತಿರಲಿಲ್ಲ. ಹುಳಗಳೆಲ್ಲ ಹೂವಿನ ಮೇಲಿರುವ ಹೊತ್ತಿಗೇ ಹೊಡೆದಿದ್ದೀಯಲ್ಲ ಕಾಕಿ, ಮೂರು ದಿನ ನನ್ನನ್ನು ಖಾಲಿ ಹೂವಿನ ಮುಂದೆ ಕೂರಿಸಿ ಚಹಾ ಕೊಟ್ಟೆಯಲ್ಲ ಎಂದೆ. ಅಣ್ಣನ ಅಂಗೈಯಲ್ಲಿದ್ದ ಹುಳಗಳಿಗೆ ಒಂದೊಂದಾಗಿ ಚುಕ್ಕೆ ಇಟ್ಟವಳು ನಾನು.

"ನನಗೇನ್ ಗೊತ್ತಿತ್ತು?" ಎಂದಳು ಕಾಕಿ. "ಹುಳದ ಎಣ್ಣಿ ಅಂತ ಕೊಟ್ರು, ಹುಳಕ್ಕ ಹೊಡದೆ. ನಿನ್ನ ಹುಳಾ ಯಾವುದು, ಆ ಹುಳಾ ಯಾವುದು, ಎಣ್ಣಿಗಿ ಹೆಂಗ ತಿಳೀಬೇಕು?"

ಮಾತು ಸಿಟ್ಟಿನದಾದರೂ ಅವಳ ಕಣ್ಣು ತುಂಬಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು ಬೋರಿನ ಕಡೆ ನಡೆದುಹೋದಳು. ನನಗೂ ಕೆಟ್ಟದೆನಿಸಿತು. ಬದುವಿನ ಹತ್ತಿರವೇ ದಿನಾ ಓಡಾಡಿದ ನಾನು ಹುಲ್ಲಿನಲ್ಲಿ ಬಿದ್ದ ಹುಳ ನೋಡಿರಲಿಲ್ಲ. ಹೂವಿನ ಮೇಲೆ ಬಂದರೆ ಮಾತ್ರ ಅದು ಹುಳ ಎಂದು ನನ್ನ ಹಾಳೆಯಲ್ಲಿತ್ತು.

ಅಣ್ಣ ಬೀಡಿ ಮುಗಿಸಿದ. ಆಮೇಲೆ ನನಗೂ, ದೂರದಲ್ಲಿದ್ದ ಕಾಕಿಗೂ ಕೇಳುವ ಹಾಗೆ ಹೇಳಿದ. "ಸಂಜಿಗಿ ಹೊತ್ತು ಮುಣಗುವಾಗ ಹೊಡೀರಿ. ಹುಳಾ ಮನಿಗಿ ಹೋಗಿರ್ತಾವ. ಅದೂ ಹುಳಾ ಬಿದ್ದಲ್ಲಿ ಅಷ್ಟೇ. ಮತ್ತ ಈ ಪೆಟ್ಟಿಗಿ ನಾ ಒಯ್ತೀನಿ. ಇವಕ್ಕ ಚಟ ಹತ್ಯಾದ. ಚಿಂಚೋಳಿ ಅಡವಿ ಕಡಿ ಇಟ್ರ ಕಬ್ಬು ಮರೀತಾವ. ಉಳಿದ ಅರ್ಧ ಹೊಲಾ ಹೂ ಬಿಟ್ಟಾಗ ಬ್ಯಾರೆ ಪೆಟ್ಟಿಗಿ ತರ್ತೀನಿ."

ಹೀಗೆ ನನ್ನ ಜೇನುಗಳು ಚಟ ಬಿಡಿಸಿಕೊಳ್ಳಲು ಚಿಂಚೋಳಿಗೆ ಹೋದವು. ಮೊದಲ ಅರ್ಧ ಹೊಲದ ನನ್ನ ಲೆಕ್ಕವೆಲ್ಲ ಕೆಟ್ಟಿತು. ಸರ್‌ಗೆ ಹೆದರುತ್ತಲೇ ಹೇಳಿದೆ. ಅವರು "ಕಬ್ಬಿನ ಹಾಲು ಚೆನ್ನಾಗಿತ್ತಾ?" ಎಂದು ಕೇಳಿದರು.

ಕಾಕಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಚಹಾ ಮಾತ್ರ ಕೊಟ್ಟಳು. ಷರತ್ತಿನ ಪ್ರಕಾರ ನಾನು ಕುಡಿದೆ. ಮೂರನೇ ದಿನ ನಾನು ಹೋಗುವ ಹೊತ್ತಿಗೆ ಅವಳು ಹೊಲದಲ್ಲಿರಲಿಲ್ಲ. ಪಕ್ಕದ ಹೊಲದಿಂದ ಅವಳ ದನಿ ಕೇಳುತ್ತಿತ್ತು.

"ಮುಂಜಾನಿ ಎಣ್ಣಿ ಹೊಡದ್ರ ನೋಡು, ನಿನ್ನ ಹೊಲದಾಗ ಬಂದು ಕುಂದ್ರತೀನಿ, ಏಳಂಗಿಲ್ಲ. ಚಿಂಚೋಳಿಯಿಂದ ಹೆಣ್ಮಕ್ಕಳು ಬರಾಕತ್ಯಾರ ನನ್ನ ಹೊಲಕ್ಕ ದುಡಿಯಾಕ. ಅವರಿಗಿ ಏನಾದ್ರೂ ಆದ್ರ ನಿನ್ನ ಬಿಡಂಗಿಲ್ಲ."

ಪಕ್ಕದ ಹೊಲದವನು ಚಿಂಚೋಳಿಯಿಂದ ನಿಜವಾಗಿಯೂ ಹೆಣ್ಣಾಳುಗಳು ಬರುತ್ತಾರೆಂದು ತಿಳಿದು, "ಎಷ್ಟು ಮಂದಿ ಬರ್ತಾರ? ನನಗೂ ಕಳೆ ತೆಗಿಯೋದದ" ಎಂದ. ಕಾಕಿ ಅವನಿಗೆ ಬಿಡಿಸಿ ಹೇಳಲಿಲ್ಲ. ಸುತ್ತಲಿನ ಆರೇಳು ಹೊಲಕ್ಕೂ ಹೀಗೇ ಹೋಗಿ ಬಂದಳು. ಮುಂಜಾನೆ ಹೊತ್ತು ಸಿಂಪಡಿಸಬೇಡಿ ಎಂದು ಇಲಾಖೆಯ ಕರಪತ್ರಗಳನ್ನು ನಾನು ಹಿಂದೆಯೇ ಹಂಚಿದ್ದೆ, ಕಾಕಿಗೂ ಒಂದು ಕೊಟ್ಟು ಓದಿ ಹೇಳದೆ ಬಿಟ್ಟಿದ್ದೆ. ಅವುಗಳಲ್ಲಿ ಭಜಿ ಕಟ್ಟಿದ್ದನ್ನು ಆಮೇಲೆ ನೋಡಿದ್ದೆ.

ಚಾಚಾನೂ ತನ್ನ ಪಾಲಿನದನ್ನು ಮಾಡಿದ. ಸಿಪ್ಪೆಯ ಗುಡ್ಡೆಯನ್ನು ಸಂಜೆಗೊಮ್ಮೆ ಎತ್ತಿಸಿ, ಹಗಲು ಗೋಣಿ ಮುಚ್ಚತೊಡಗಿದ. ನಾನು ಥ್ಯಾಂಕ್ಸ್ ಹೇಳಲು ಹೋದಾಗ, ಗುಲಾಬಿ ಟೋಪಿಯವರು ಬರದೆ ಗಾಡಿ ಬಿಕೋ ಎನ್ನುತ್ತಿದೆ ಎಂದು ದೂರಿದ. "ಎರಡ್ ದಿನಾ ಬೈದೆ, ಮೂರನೇ ದಿನಾ ಆದತ್ ಆಗಿತ್ತು ನೋಡ್."

ಎರಡನೇ ಅರ್ಧ ಹೊಲದಲ್ಲೂ ಕೆಲವು ಮೊಗ್ಗಿಗೆ ಚೀಲ ಕಟ್ಟಿದೆ, ಹೂ ಬಿಟ್ಟಾಗ ಹೊಸ ಪೆಟ್ಟಿಗೆ ಬಂದವು. ಈ ಸಲ ಬಾಗಿಲು ತೆರೆಯುವಾಗ ನಾನು ಅಣ್ಣನ ಪಕ್ಕದಲ್ಲೇ ನಿಂತಿದ್ದೆ. ಹುಳಗಳು ಹೂವಿನ ಮೇಲೇ ದುಡಿದವು. ನಾನು ಹೂವನ್ನೂ ನೋಡಿದೆ, ಹುಲ್ಲನ್ನೂ ನೋಡಿದೆ, ಗಾಳಿ ಯಾವ ಕಡೆ ಎಂದೂ ನೋಡಿದೆ. ಬಿಸಿಲು ಏರಿದ ಮೇಲೆ ಹುಳಗಳು ಹೂ ಬಿಟ್ಟು ಬೋರಿನ ನೀರು ಹಾಯುವ ಕಾಲುವೆಯ ತೇವಕ್ಕೆ ನೀರು ಕುಡಿಯಲು ಇಳಿಯುತ್ತವೆ ಎಂದು ನನಗೆ ತೋರಿಸಿದವಳು ಕಾಕಿ. ಅವಳು ಕಳೆ ತೆಗೆಯುತ್ತಲೇ ನೋಡಿಟ್ಟುಕೊಂಡಿದ್ದಳು. ನನ್ನ ಪ್ರಬಂಧದಲ್ಲಿ ಆ ಸಂಗತಿಗೆ ಅರ್ಧ ಪುಟ ಇದೆ, ಅದನ್ನು ಕಂಡುಹಿಡಿದದ್ದು ನಾನೇ ಎಂಬಂತೆ.

ಹೂ ಒಣಗಿ ತೆನೆ ಕಂದಾದಾಗ, ಚೀಲ ಕಟ್ಟಿದ ತೆನೆಗಳನ್ನೂ ಕಟ್ಟದ ತೆನೆಗಳನ್ನೂ ಬೇರೆ ಬೇರೆ ಕೊಯ್ದೆವು. ಅಂಗಳದಲ್ಲಿ ಎರಡು ಗೋಣಿ ಹಾಸಿ ಬಡಿದೆವು. ಕಾಕಿ ಮೊದಲು ಚೀಲ ಕಟ್ಟದ ತೆನೆಯ ಒಂದು ಹಿಡಿ ತೆಗೆದುಕೊಂಡು ಊದಿದಳು. ಕಾಳು ಅಲುಗದೆ ಅಂಗೈಯಲ್ಲೇ ಕೂತವು. ಆಮೇಲೆ ಚೀಲದ ತೆನೆಯ ಹಿಡಿ. ಮೆಲ್ಲಗೆ ಊದಿದ್ದಳಷ್ಟೇ, ಬಹುಪಾಲು ಹಾರಿ ನನ್ನ ಮಡಿಲಿಗೆ ಬಿತ್ತು. ಜೊಳ್ಳು. ಅವಳು ಎರಡು ವರ್ಷದಿಂದ ನೋಡಿ ಬೈಯುತ್ತಿದ್ದ ಅದೇ ಜೊಳ್ಳು.

"ಒಂದೇ ಬೀಜ ಅಲ್ಲಾ ಎರಡೂ?" ಎಂದು ಕೇಳಿದಳು.

"ಒಂದೇ ಬೀಜ, ಒಂದೇ ಸಾಲು, ಒಂದೇ ನೀರು."

ಕಾಕಿ ಖಾಲಿ ಅಂಗೈ ನೋಡುತ್ತ ಕೂತಳು. ಹಿಂದಿನ ವರ್ಷಗಳಲ್ಲೂ ಮುಂಜಾನೆಯೇ ಹೊಡೆಯುತ್ತಿದ್ದೆಯಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

"ಎರಡ್ ವರ್ಷ ಆ ಬೀಜದಂವಗ ಬೈದೆ" ಎಂದಳು. "ಅವನ ಅಂಗಡಿ ಮುಂದ ನಿಂತು, ನಾಕ್ ಮಂದಿ ಕೇಳೋ ಹಂಗ."

"ಹೋಗಿ ತಪ್ಪಾತು ಅಂತೀಯಾ?"

ಕಾಕಿ ವಿಚಾರ ಮಾಡಿದಳು. "ಇಲ್ಲ" ಎಂದಳು. "ಆದ್ರ ಬೈಯೋದು ಬಿಡ್ತೀನಿ. ಅಂವಗೂ ತಿಳೀತದ."

ಪ್ರಬಂಧ ಮುಗಿಯಿತು. ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಮೊದಲ ಭಾಗದ ಸೊನ್ನೆಗಳ ಮೇಲೆ ಬೆರಳಿಟ್ಟರು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಬೆರಳಿನ ಬಣ್ಣದ ಸಂಗತಿಯನ್ನೂ ಸೇರಿಸಿ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕು, "ಇದನ್ನ ಯಾಕೆ ಬರೆದಿಲ್ಲ?" ಎಂದರು. ಮರ್ಯಾದೆಗೆ ಅಂಜಿ ಬರೆದಿಲ್ಲ ಎಂದೆ. ಬರೆಯಲೇಬೇಕು ಎಂದು ಷರತ್ತು ಹಾಕಿ ಪಾಸು ಮಾಡಿದರು.

ಮರುವರ್ಷ ನನಗೆ ಚಿತ್ತಾಪುರದಲ್ಲಿ ಕೆಲಸ ಸಿಕ್ಕಿತು. ರೈತರಿಗೆ ಬೆಳೆಯ ಬಗ್ಗೆ ತಿಳಿಹೇಳುವ ಕೆಲಸ. ಕಾಳಗಿಯಲ್ಲಿ ಮೊದಲ ಸಭೆ ಗೊತ್ತಾದಾಗ ಕಾಕಿಯನ್ನೂ ಕರೆದೆ. ಹೊಸ ಇಳಕಲ್ ಸೀರೆ ಉಟ್ಟು, ಗಂಡನ ಆಟೋದಲ್ಲಿ ಸೇಡಂ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ನನ್ನ ಜೊತೆ ಬಸ್ಸು ಹತ್ತಿದಳು. ನಾನು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಪರಾಗಸ್ಪರ್ಶ ಎಂಬ ಪದಕ್ಕೆ ಬಂದಿದ್ದೆ ಅಷ್ಟೇ, ಹಿಂದಿನ ಸಾಲಿನವರು ಆಕಳಿಸತೊಡಗಿದರು. ಕಾಕಿ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

"ನಾ ಹೇಳ್ತೀನಿ ಕೇಳ್ರಿ" ಎಂದಳು. "ಸೂರ್ಯಪಾನದ ಹೂ ಅಂದ್ರ ಒಂದ್ ಹೂ ಅಲ್ಲ, ಒಂದ್ ಊರು. ಒಳಗ ಸಾವಿರ ಮನಿ. ಜೇನ ಹುಳಾ ಹೋಗಿ ಒಂದೊಂದು ಮನಿ ಬಾಗಿಲಾ ಬಡೀಬೇಕು. ಬಡೀಲಿಲ್ಲಂದ್ರ ಆ ಮನಿ ಖಾಲಿ."

ಆಕಳಿಸುತ್ತಿದ್ದವರು ಬಾಯಿ ಮುಚ್ಚಿದರು. ಕಾಕಿ ಅರ್ಧ ಗಂಟೆ ಮಾತಾಡಿದಳು. ಅದರಲ್ಲಿ ಕೆಲವು ನಿಜ, ಕೆಲವು ಅಲ್ಲ. ಜೇನುಹುಳ ರಾತ್ರಿ ಮಲಗುವುದೇ ಇಲ್ಲ ಎಂದಳು. ಗಂಡು ಹುಳಗಳನ್ನು ಹೆಣ್ಣು ಹುಳಗಳು ಮನೆಯಿಂದ ಹೊರಗೆ ಹಾಕುತ್ತವೆ ಎಂದಳು, ಅದು ನಿಜ. ಆದರೆ ಹಾಕುವ ಮುಂಚೆ ಮೂರು ಸಲ ಬುದ್ಧಿ ಹೇಳುತ್ತವೆ ಎಂದು ತಾನೇ ಸೇರಿಸಿದಳು. ಹೆಂಗಸರ ಸಾಲಿನಿಂದ ಚಪ್ಪಾಳೆ ಬಂತು. ನಾನು ಎದ್ದು ತಿದ್ದಲು ಹೋಗಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ಕೈ ಎತ್ತಿ, "ಹಂಗಾದ್ರ ಎಣ್ಣಿ ಎಷ್ಟೊತ್ತಿಗಿ ಹೊಡೀಬೇಕವ್ವ?" ಎಂದು ಕೇಳಿದ. ಅವನು ಕೇಳಿದ್ದು ನನ್ನನ್ನಲ್ಲ. ಕಾಕಿ ಅವನಿಗೆ ಸಮಾಧಾನವಾಗಿ ವಿವರಿಸತೊಡಗಿದಳು. ಸಭೆಗೆ ತರಿಸಿದ್ದ ಚಹಾ ಆರುತ್ತಿತ್ತು. ನಾನು ಭಾಷಣದ ಹಾಳೆಗಳನ್ನು ಚೀಲಕ್ಕೆ ಹಾಕಿ, ತಾಟು ಎತ್ತಿಕೊಂಡು ಹಿಂದಿನ ಸಾಲಿನಿಂದ ಚಹಾ ಹಂಚುತ್ತ ಬಂದೆ.